ಅಂಚೆಗುಣಿಗೆ ಆ ಹೆಸರು ಬಂದದ್ದು

ಹಗರಿ ಹೊಳೆಯ ಮೂಡಣ ದಂಡೆಯಲ್ಲಿ ಆಷಾಢದ ಗಾಳಿ ಹೊತ್ತು ತಂದ ಮರಳು ಹರದಾರಿಗಟ್ಟಲೆ ದಿಬ್ಬವಾಗಿ ಬಿದ್ದಿದೆ. ಆ ದಿಬ್ಬಗಳ ನಡುವೆ ಸುತ್ತ ಕಲ್ಲು ಕಟ್ಟಿದ ಸಣ್ಣದೊಂದು ನೀರಗುಣಿಯಿದೆ. ಬಗ್ಗಿ ಕೈಚಾಚಿದರೆ ನೀರು ಸಿಗುತ್ತದೆ. ಇದಕ್ಕೆ ಅಂಚೆಗುಣಿ ಎಂದು ಹೆಸರು. ಹೆಸರು ಕೇಳಿದವರು ಇಲ್ಲಿ ಅಂಚೆಮನೆ ಇದ್ದಿರಬೇಕೆಂದು ಊಹಿಸುವುದುಂಟು. ಪಕ್ಕದ ಕುರಿಗಾಹಿಗಳ ಹಟ್ಟಿಯ ಹಿರಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ, ಈ ಸೀಮೆಗೆ ಗಾಡಿದಾರಿಯೂ ಇಲ್ಲದ ಕಾಲದಲ್ಲಿ, ಬೊಮ್ಮಲಿಂಗನೆಂಬ ಓಟದ ಅಂಚೆಯವನು ಹೆಗಲಿಗೆ ಚೀಲ, ಕೈಗೆ ಈಟಿ ಹಿಡಿದು ಈ ಮರಳುಗಾಡನ್ನು ದಾಟಿ ಆಚೆಯ ಹಳ್ಳಿಗಳಿಗೆ ಹೋಗುತ್ತಿದ್ದನಂತೆ. ಹಟ್ಟಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ. ತಮಗೆ ಏನನ್ನೂ ತಾರದೆ ತಮ್ಮ ನೀರಿನ ಬಳಿ ಕೂತು ಎದ್ದುಹೋಗುವ ಈ ಪರಸ್ಥಳದವನ ಮೇಲೆ ಹಟ್ಟಿಯವರಿಗೆ ಮೊದಲಿನಿಂದಲೂ ಗುಮಾನಿ. ಆ ವರ್ಷ ಕುರಿಗಳು ಸಾಯತೊಡಗಿದವು. ಅರ್ಧ ಮಂದೆ ಕಳೆದುಕೊಂಡ ಚಿತ್ತಕ್ಕನೆಂಬ ವಿಧವೆ ಜಾಲಿಯ ಮರೆಯಲ್ಲಿ ಕಾದು ಕುಳಿತಳು. ಬೊಮ್ಮಲಿಂಗ ಮೊಣಕಾಲೂರಿ, ಗುಣಿಯೊಳಗೆ ಮೊಣಕೈವರೆಗೆ ಕೈಯಿಳಿಸಿ ಕದಡುವುದನ್ನು ಕಂಡು ಓಡಿಹೋಗಿ ಯಜಮಾನ ಕ್ಯಾತಣ್ಣನಿಗೆ ಹೇಳಿದಳು. ಗಂಡಸರು ಬಂದು ಅಂಚೆಯವನನ್ನು ಸುತ್ತುವರಿದರು.

"ನೀರಿಗೆ ಏನು ಹಾಕ್ದೆ?" ಎಂದ ಕ್ಯಾತಣ್ಣ.

"ಹಾಕಲಿಲ್ಲ, ಮರಳು ತೆಗೆದೆ. ಗಾಳಿಗೆ ಮುಚ್ಚಿಹೋಗ್ತದೆ. ತಿರುಗಿ ಬರೋವಾಗ ನನಗೂ ನೀರು ಬೇಕಲ್ಲ."

ಯಾರೂ ನಂಬಲಿಲ್ಲ. ಅದೇ ನೀರನ್ನು ಹೊಟ್ಟೆ ಬಿರಿಯುವಷ್ಟು ಕುಡಿಸಿ, ಸಾಯುತ್ತಾನೋ ನೋಡೋಣವೆಂದು ಬಿಸಿಲಿನಲ್ಲಿ ಕೂರಿಸಿದರು. "ಚೀಲವನ್ನಾದರೂ ಕಳಿಸಿಕೊಡಿ, ಯಾರ ಮನೆ ಸುದ್ದಿಯೋ ಏನೋ," ಎಂದು ಅವನು ಒಮ್ಮೆ ಕೇಳಿದ. ಚೀಲದಲ್ಲಿ ಏನಿದೆಯೋ ಎಂದು ಅದನ್ನೂ ಮುಟ್ಟಗೊಡಲಿಲ್ಲ. ಹೊತ್ತು ಮುಳುಗಿದರೂ ಅವನಿಗೆ ಏನೂ ಆಗಲಿಲ್ಲ. ಆಗ ಬಿಟ್ಟರು. ಬೊಮ್ಮಲಿಂಗ ಚೀಲವೆತ್ತಿಕೊಂಡು ನಡೆದ. ಮತ್ತೆ ಆ ಕಡೆ ಬರಲಿಲ್ಲ. ಹೊಳೆಯ ದಂಡೆ ಹಿಡಿದು ಸುತ್ತುದಾರಿಯಲ್ಲಿ ಹೋಗತೊಡಗಿದ.

ಅವನು ಬರದಿದ್ದರೂ ಕುರಿಗಳು ಸಾಯುತ್ತಲೇ ಇದ್ದವು. ಆಮೇಲೆ ಆಷಾಢದ ಗಾಳಿ ಎದ್ದು ಗುಣಿಯನ್ನು ಗುರುತು ಸಿಗದಂತೆ ಮುಚ್ಚಿಬಿಟ್ಟಿತು. ಹೆಂಗಸರು ತೋಡಿದಲ್ಲೆಲ್ಲ ಒಣಮರಳು. ಹಟ್ಟಿ ಕಿತ್ತುಕೊಂಡು ಹೋಗುವ ಮಾತು ಬಂದಾಗ ಚಿತ್ತಕ್ಕ ಒಬ್ಬಳೇ ಹೋಗಿ ಅಂಚೆಯವನ ಸುತ್ತುದಾರಿಯಲ್ಲಿ ನಿಂತಳು. ಅವನು ನಿಲ್ಲಲಿಲ್ಲ. ಅವಳು ಬೆನ್ನಹಿಂದೆಯೇ ನಡೆದಳು.

"ಅಣ್ಣಾ, ಚಾಡಿ ಹೇಳಿದವಳು ನಾನೇ. ಗುಣಿ ಎಲ್ಲಿತ್ತೋ ತಿಳೀತಿಲ್ಲ."

"ನಾನು ತೋಡಿಕೊಟ್ಟರೆ ಮೊದಲು ಯಾರಿಗೆ ಕುಡಿಸ್ತೀರಿ? ನನಗೇ ತಾನೆ?"

"ನಾನು ಕುಡೀತೀನಿ," ಎಂದಳು ಚಿತ್ತಕ್ಕ.

ಬೊಮ್ಮಲಿಂಗ ಸುತ್ತಲ ದಿಬ್ಬಗಳತ್ತ ಕಣ್ಣು ಹಾಯಿಸಿದನಂತೆ. ದಿಬ್ಬಗಳ ಹಿಂದೆ ಗಂಡಸರು ಅಡಗಿದ್ದಾರೆಂಬ ಶಂಕೆ ಅವನಿಗೆ. ಆದರೂ ಬಂದ. ಈಟಿ ಚುಚ್ಚುತ್ತ ಹೋದ. ಒಂದು ಕಡೆ ಅದರ ತುದಿಗೆ ಹಸಿಮರಳು ಮೆತ್ತಿತು. ಅಲ್ಲಿ ತೋಡಿದ. ಹಟ್ಟಿಯವರೆಲ್ಲ ದೂರದಲ್ಲೇ ನಿಂತರು, ಕ್ಯಾತಣ್ಣನೂ ಹತ್ತಿರ ಬರಲಿಲ್ಲ. ಚಿತ್ತಕ್ಕ ಬೊಗಸೆ ತುಂಬಿಕೊಂಡು ಕುಡಿದಳು. ಆಮೇಲೆ ಇನ್ನೊಂದು ಬೊಗಸೆಯನ್ನು ಅವನ ಮುಂದೆ ಹಿಡಿದಳು. ಅಂದಿನಿಂದ ಅವನ ದಾರಿ ಮತ್ತೆ ಇಲ್ಲಿಂದಲೇ ಆಯಿತು, ಗುಣಿಗೆ ಅಂಚೆಯ ಹೆಸರೂ ನಿಂತಿತು ಎನ್ನುತ್ತಾರೆ. ಕುರಿಗಳು ಏಕೆ ಸತ್ತವೆಂದು ಮಾತ್ರ ಇಂದಿಗೂ ಯಾರಿಗೂ ತಿಳಿಯದು.

ಈಗ ಅಲ್ಲಿಗೆ ಹೋದವರು ನೀರು ಕೇಳಿದರೆ ಹಟ್ಟಿಯವರು ತಂಬಿಗೆ ತುಂಬಿಕೊಂಡು, ಬಂದವರ ಎದುರಿಗೇ ನಿಂತು, ಮೊದಲು ತಾವು ಕುಡಿಯುತ್ತಾರೆ. ಹೊಸಬರಿಗೆ ಅದು ಅಮರ್ಯಾದೆಯಂತೆ ಕಾಣುತ್ತದೆ.