ಗಾಳಿ ತಂದ ಹಂಪವ್ವ

ಬಹಳ ಹಿಂದೆ, ನಮ್ಮ ಮುತ್ತಜ್ಜನ ಮುತ್ತಜ್ಜ ಕೂಡ ಹುಟ್ಟಿರದ ಕಾಲದಲ್ಲಿ, ಮುದಗೇರಿ ಅಂತ ಒಂದು ಪೇಟೆ ಇತ್ತು. ಸುತ್ತ ಎತ್ತರದ ಮಣ್ಣಿನ ಕೋಟೆ, ಒಳಗೆ ಒಂದಕ್ಕೊಂದು ಅಂಟಿಕೊಂಡ ಓಣಿಗಳು. ಅಲ್ಲಿ ಹಂಪವ್ವ ಅನ್ನೋ ಸೂಲಗಿತ್ತಿ ಇದ್ದಳು. ಅವಳು ಸೆರಗು ಬೀಸಿದರೆ ಗಾಳಿ ಎದ್ದು ಬರುತ್ತಿತ್ತು ಅಂತಾರೆ. ಗಾಳಿ ಅವಳ ಹಿಂದೆ ಸಾಕಿದ ಕರುವಿನ ಹಾಗೆ ತಿರುಗುತ್ತಿತ್ತು ಅಂತಲೂ ಅಂತಾರೆ. ನಮ್ಮಜ್ಜಿ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಅವಳು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಹತ್ತಿರ ಬಂದು ಕೂತ್ಕೊಳ್ಳಿ.

ಮುದಗೇರಿ ಮೊದಲು ಸಣ್ಣ ಊರು. ಆಮೇಲೆ ನೇಕಾರರು ಬಂದರು, ಬಣ್ಣಗಾರರು ಬಂದರು, ಅಲ್ಲಿಯ ಸೀರೆ ದೂರದೂರದ ಸಂತೆಗೆ ಹೋಯಿತು, ಊರು ತುಂಬಿತು. ಹಿತ್ತಲಿದ್ದ ಕಡೆ ಮಗ್ಗದ ಕೋಣೆ ಎದ್ದಿತು. ಬಣ್ಣದ ಹಂಡೆ ಕಾಯಿಸೋಕೆ ಓಣಿಯ ಬೇವು, ಹುಣಸೆ ಎಲ್ಲ ಒಲೆಗೆ ಹೋದವು. ಅಷ್ಟರಲ್ಲಿ ಯಾವುದೋ ದಂಡು ಪಡುವಣ ಬಾಗಿಲಿಂದ ನುಗ್ಗಿ ಊರು ಸುಲಿದು ಹೋಯಿತು. ಊರಾಳುವ ದೇಸಾಯರು ಕಾಳಪ್ಪ ಅನ್ನೋ ಕಲ್ಲುಕುಟಿಗನನ್ನು ಕರೆಸಿ ಆ ಬಾಗಿಲಿಗೇ ಕಲ್ಲಿನ ಗೋಡೆ ಕಟ್ಟಿಸಿ ಮುಚ್ಚಿಸಿಬಿಟ್ಟರು. ಕಾಳಪ್ಪನ ಗೋಡೆಯ ಸಂದಿಯಲ್ಲಿ ಸೂಜಿ ತೂರುತ್ತಿರಲಿಲ್ಲ ಅಂತಾರೆ. ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮತ್ತೆ ದಂಡು ಬರಲಿಲ್ಲ.

ಆದರೆ ಬೇಸಿಗೆ ಬಂತು. ನೇಕಾರರ ಓಣಿಯಲ್ಲಿ ಕೂಸುಗಳು ಬಾಡತೊಡಗಿದವು. ಬೆಳಿಗ್ಗೆ ಮೊಲೆ ಕುಡಿದ ಕೂಸು ಸಂಜೆಗೆ ಬಾಯಿ ತೆರೆಯುತ್ತಿರಲಿಲ್ಲ. ಮುದುಕರು ಮಗ್ಗದ ಮುಂದೆ ಕೂತಲ್ಲೇ ಉರುಳುತ್ತಿದ್ದರು. ದೇವಿ ಮುನಿದಿದ್ದಾಳೆ ಅಂತ ಉಡಿ ತುಂಬಿದರು, ಹರಕೆ ಹೊತ್ತರು. ಮರುವರ್ಷವೂ ಅದೇ, ಅದರ ಮರುವರ್ಷವೂ ಅದೇ. ಕೆಲವರು ಮಗ್ಗ ಬಿಚ್ಚಿ ಗಾಡಿಗೆ ಹೇರಿ, ಈ ಊರೇ ಬೇಡ ಅಂತ ಹೊರಟರು.

ಆ ಕೂಸುಗಳನ್ನೆಲ್ಲ ಭೂಮಿಗೆ ತಂದ ಕೈ ಹಂಪವ್ವನದು. ಯೋಚಿಸುತ್ತಾ ಯೋಚಿಸುತ್ತಾ ಅವಳಿಗೆ ಒಂದು ಸಂಗತಿ ಹೊಳೆಯಿತು. ಗಾಣಿಗರ ಓಣಿಯ ಕೂಸುಗಳು ಚೆನ್ನಾಗಿದ್ದವು. ಅದೇ ಬಡತನ, ಅದೇ ಸೂಲಗಿತ್ತಿ, ಆದರೆ ಅಲ್ಲಿ ತೊಟ್ಟಿಲು ಬರಿದಾಗುತ್ತಿರಲಿಲ್ಲ. ಯಾಕೆ?

ನೀರಿನ ಗುಣ ಇರಬೇಕು ಅಂದುಕೊಂಡಳು. ಗಾಣಿಗರ ಬಾವಿಯ ನೀರನ್ನು ತಾನೇ ಹೊತ್ತು ತಂದು ನೇಕಾರರ ಬಾಣಂತಿಯರಿಗೆ ಕುಡಿಸಿದಳು. ಏನೂ ಆಗಲಿಲ್ಲ. ಊಟದ ಗುಣ ಇರಬೇಕು ಅಂತ ಅಲ್ಲಿಯ ಅಂಬಲಿಯನ್ನೇ ಇಲ್ಲಿಯೂ ಕಾಯಿಸಿದಳು. ಅದರಿಂದಲೂ ಆಗಲಿಲ್ಲ. ಆಮೇಲೆ ಕುಂಬಾರನ ಹತ್ತಿರ ಒಂದೇ ಆವಿಗೆಯಲ್ಲಿ ಸುಟ್ಟ ಗಡಿಗೆಗಳನ್ನು ತಂದು, ಒಂದೇ ಬಾವಿಯ ನೀರು ತುಂಬಿ, ಓಣಿಗೊಂದರಂತೆ ನೆರಳಲ್ಲಿ ಇಟ್ಟಳು. ಮಧ್ಯಾಹ್ನ ಒಂದೊಂದರಲ್ಲೂ ಕೈ ಅದ್ದಿ ನೋಡಿದಳು. ಗಾಣಿಗರ ಓಣಿಯ ಗಡಿಗೆ ತಣ್ಣಗಿತ್ತು. ನೇಕಾರರ ಓಣಿಯ ಗಡಿಗೆ ಉಗುರುಬೆಚ್ಚಗಿತ್ತು. ಹಂಪವ್ವನಿಗೆ ತಲೆ ಕೆಟ್ಟಿದೆ, ಗಡಿಗೆಗೆ ಬಾಣಂತನ ಮಾಡ್ತಿದ್ದಾಳೆ ಅಂತ ಜನ ನಕ್ಕರು ಅಂತಾರೆ.

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಳಿ ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡೋಣ ಅಂತ ಲೋಬಾನದ ಧೂಪ ಹಿಡಿದು ಓಣಿ ಓಣಿ ತಿರುಗಿದಳು. ಗಾಣದ ಎತ್ತಿಗೆ ನೆರಳು ಬೇಕು ಅಂತ ಗಾಣಿಗರು ತಮ್ಮ ಬೇವಿನ ಮರಗಳನ್ನು ಕಡಿದಿರಲಿಲ್ಲ. ಅವರ ಕಡೆಯ ಕೋಟೆಗೋಡೆಯೂ ಕುಸಿದು ಗಿಡ್ಡಾಗಿತ್ತು. ಅಲ್ಲಿ ಹೊಗೆ ಮರದಡಿ ಸರಸರ ಹರಿದುಹೋಯಿತು. ನೇಕಾರರ ಓಣಿಯಲ್ಲಿ ಹೊಗೆ ಎದ್ದ ಕಡೆಯೇ ನಿಂತಿತು, ಅವಳ ಮುಖದ ಮೇಲೇ ಕೂತಿತು. ಓಣಿಯ ತುದಿಗೆ ನೋಡಿದರೆ ಕಾಳಪ್ಪನ ಗೋಡೆ.

ಅವಳು ಕಾಳಪ್ಪನ ಹತ್ತಿರ ಹೋಗಿ, ನಿನ್ನ ಗೋಡೆ ಓಣಿಯ ಗಾಳಿ ತಡೆದಿದೆ, ಅದನ್ನು ಬಿಚ್ಚು ಅಂತ ಹೇಳಿದಳು. ಅವನು ಉಳಿ ಕೆಳಗಿಟ್ಟು ಕೇಳಿದ, "ಮತ್ತ ದಂಡು ಬಂದರ ಏನ್ ಮಾಡ್ತೀ ಹಂಪಕ್ಕಾ? ಗಾಳಿ ಬಂದು ಕಾಯ್ತದೇನು ನಿಮ್ಮನ್ನ?" ಅವನ ಮಾತೂ ಸುಳ್ಳಲ್ಲ. ಹಂಪವ್ವ ಮನೆಗೆ ವಾಪಸು ಬಂದಳು.

ಆ ಬೇಸಿಗೆಯಲ್ಲೇ ಕಾಳಪ್ಪನ ಮಗಳು ಸೋನವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆ ಮನೆ ಇದ್ದದ್ದು ನೇಕಾರರ ಓಣಿಯ ತುದಿಯಲ್ಲೇ, ಗೋಡೆಯ ಬುಡಕ್ಕೆ. ಹಂಪವ್ವನೇ ಹೆರಿಗೆ ಮಾಡಿಸಿದಳು. ಹೆಣ್ಣುಕೂಸು, ದುಂಡಗಿತ್ತು. ಕೆಲವು ದಿನ ಕಳೆದವು, ಬಿಸಿಲು ಏರಿತು, ಕೂಸು ಮೊಲೆ ಬಿಟ್ಟಿತು. ಮೈ ಕೆಂಡ, ಕಣ್ಣು ಅರೆಮುಚ್ಚಿದೆ. ಹಂಪವ್ವ ಓಡಿ ಬಂದಳು.

"ಕಾಳಣ್ಣಾ, ಈ ಕೋಣಿ ಕೂಸನ್ನ ಬೇಯಸಾಕತ್ತದ. ಎತ್ಕೋ ಮಗಳನ್ನ, ಗಾಣಿಗರ ಬೇವಿನ ಬುಡಕ ಹೋಗೂಣು."

"ಬಾಣಂತಿ ಹೊಸ್ತಿಲಾ ದಾಟಬಾರದು ಅಂತ ಊರಿಗೆಲ್ಲಾ ಹೇಳಿದಾಕಿ ನೀನ ಅಲ್ಲೇನು?"

"ನಾನ ಹೇಳಿದ್ದೆ. ಈಗ ನಾನ ದಾಟಸ್ತೀನಿ. ಏನಾರ ಆದರ ನನ್ನ ತಲಿ ಮ್ಯಾಲ."

ಸೋನವ್ವ ತಂದೆಯ ಮುಖ ನೋಡಲಿಲ್ಲ. ತಾನೇ ಗೋಡೆ ಹಿಡಿದು ಎದ್ದಳು. ಆಗ ಕಾಳಪ್ಪ ಮಗಳನ್ನು ಎತ್ತಿಕೊಂಡ, ಹಂಪವ್ವ ಕೂಸನ್ನು ಎತ್ತಿಕೊಂಡಳು. ಹಸಿ ಬಾಣಂತಿ ನಡುಹಗಲು ಬೀದಿಗೆ ಬಂದದ್ದನ್ನು ನೋಡಿ ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ಬೈದವರೂ ಇದ್ದರು. ಮರದ ಕೆಳಗೆ ಚಾಪೆ ಹಾಕಿದರು. ಹಂಪವ್ವ ತೊಯ್ದ ಬಟ್ಟೆಯಿಂದ ಕೂಸಿನ ಮೈ ಒರೆಸುತ್ತಾ ಕೂತಳು. ಬೇವಿನೆಲೆ ಅಲ್ಲಾಡುತ್ತಿತ್ತು. ಗಾಣಿಗರು ಎತ್ತು ಬಿಚ್ಚಿ ಗಾಣ ನಿಲ್ಲಿಸಿದರು.

ಬಿಸಿಲು ವಾಲುವ ಹೊತ್ತಿಗೆ ಕೂಸು ಅತ್ತಿತು. ಸಣ್ಣಗೆ, ಆಮೇಲೆ ಗಟ್ಟಿಯಾಗಿ. ಸೋನವ್ವ ಎದೆಗೆ ಹಚ್ಚಿಕೊಂಡಳು. ಕೂಸು ಚಪ್ಪರಿಸಿ ಕುಡಿಯತೊಡಗಿತು. ಹಂಪವ್ವ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಬೋರಾಡಿ ಅತ್ತಳು ಅಂತಾರೆ. ಅಷ್ಟು ಕೂಸು ಕಳಕೊಂಡಾಗ ಅಳದವಳು, ಒಂದು ಕೂಸು ಉಳಿದದ್ದಕ್ಕೆ ಅತ್ತಳು.

ಮರುದಿನ ಕಾಳಪ್ಪ ಹಾರೆ ಹಿಡಿದು ತನ್ನ ಗೋಡೆಯ ಮುಂದೆ ನಿಂತ. ದೇಸಾಯರು ಗಾಬರಿಯಿಂದ ಬಂದು, ಊರಿಗೆ ಕಾವಲು ಯಾವುದಯ್ಯಾ ಅಂತ ಕೇಳಿದರು. ಅದಕ್ಕೂ ನಾನೇ ಹೊಣೆ, ನನಗೆ ಮಳೆಗಾಲದ ತನಕ ಸಮಯ ಕೊಡಿ ಅಂದ ಕಾಳಪ್ಪ. ಗೋಡೆ ಬಿಚ್ಚಿದ ಜಾಗದಲ್ಲಿ ಎತ್ತರದ ಕಲ್ಲಿನ ಜಾಲಂಧ್ರ ನಿಲ್ಲಿಸಿದ. ಕೈ ತೂರುವಷ್ಟು ತೂತು, ಕುದುರೆ ತೂರದಷ್ಟು ಗಟ್ಟಿ. ಕೊನೆಯ ಕಲ್ಲು ಕೂರುವ ಮೊದಲೇ ಪಡುವಣ ಗಾಳಿ ನೇಕಾರರ ಓಣಿಯೊಳಗೆ ಬಂತು. ಮಗ್ಗದ ಮೇಲಿನ ನೂಲು ನಡುಗಿತು. ಜನ ಹೊರಗೆ ಬಂದು ಅಂಗಿ ಸಡಿಲಿಸಿ ಗಾಳಿಗೆ ಮೈಯೊಡ್ಡಿ ನಿಂತರು.

ಅಲ್ಲಿಂದ ಮುಂದೆ ಹಂಪವ್ವ ಹೆರಿಗೆ ಮಾಡಿಸಿದ್ದಕ್ಕೆ ಸೀರೆ ಕುಪ್ಪಸದ ಕಾಣಿಕೆ ತೆಗೆದುಕೊಳ್ಳಲಿಲ್ಲ. ಅದರ ಬದಲು ಬಾಗಿಲ ಮುಂದೆ ಒಂದು ಬೇವಿನ ಸಸಿ ಹಚ್ಚಿ, ಕೂಸಿನ ಸ್ನಾನದ ನೀರು ಅದಕ್ಕೇ ಹಾಕಿ ಅಂತ ಹೇಳುತ್ತಿದ್ದಳು. ಕೂಸುಗಳ ಜೊತೆಜೊತೆಗೇ ಮರಗಳೂ ಬೆಳೆದವು. ಮಗ್ಗ ಹೇರಿಕೊಂಡು ಹೋದವರು ಗಾಡಿ ತಿರುಗಿಸಿಕೊಂಡು ಬಂದರು. ಸೋನವ್ವನ ಆ ಮಗಳೇ ಮುಂದೆ ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು ಅಂತಾರೆ.

ಈಗಲೂ ಮುದಗೇರಿಯಲ್ಲಿ ಮದುವೆಗೆ ಹಂದರ ಹಾಕಿದರೆ ಪಡುವಣ ದಿಕ್ಕಿಗೆ ಬಟ್ಟೆ ಕಟ್ಟೋದಿಲ್ಲ. ಅದು ಹಂಪವ್ವನ ಪಾಲು ಅಂತ ಬಿಡುತ್ತಾರೆ. ಹೊರಗಿನಿಂದ ಬಂದ ಶಾಮಿಯಾನದವರು ಗೊತ್ತಿಲ್ಲದೆ ಕಟ್ಟಿದರೆ, ಬೀಗರಿಗೆ ಎಲೆ ಹಾಕುವ ಮೊದಲು ಮನೆಯ ಹಿರಿಯ ಹೆಣ್ಣುಮಗಳು ಹೋಗಿ ಗಂಟು ಬಿಚ್ಚುತ್ತಾಳೆ. ಪಡುವಣ ಗಾಳಿ ನುಗ್ಗಿ ಬಟ್ಟೆ ಪಟಪಟ ಬಡಿಯುತ್ತದೆ. ಪಂಕ್ತಿಯಲ್ಲಿ ಕೂತವರು ಹಣೆಯ ಬೆವರು ಒರೆಸಿಕೊಂಡು, "ಬಂದಳು ನೋಡ್ರಿ" ಅಂತ ಅಂದುಕೊಂಡು, ಊಟಕ್ಕೆ ಕೈ ಹಚ್ಚುತ್ತಾರೆ.