ಸುಮ್ಮನೆ ಕೂತವಳ ಗುಡಾಣ

"ಗುರುಗಳೇ, ತನ್ನ ಹೊತ್ತನ್ನು ಎಲ್ಲರಿಗೂ ಸಮನಾಗಿ ಹಂಚಿದವಳನ್ನು ಎಲ್ಲರೂ ಸೇರಿ ಬೈಯುವುದು ಯಾವ ನ್ಯಾಯ?"

ಕೇಳಿದವಳು ಮೇದಿನಿ. ಭಾನುವಾರದ ಬೆಳಿಗ್ಗೆ ಗುರುಗಳ ಬಳಿ ಹಳಗನ್ನಡ ಓದಲು ಬರುವ ಕಾಲೇಜಿನ ಹುಡುಗಿ. ಎರಡು ವರ್ಷದಲ್ಲಿ ಅವಳು ಬಾಯಿಬಿಟ್ಟು ಪ್ರಶ್ನೆ ಕೇಳಿದ್ದು ಮೂರು ಸಲವಿದ್ದೀತು. ಮೂರು ಸಲವೂ ನೆಲ ನೋಡಿಕೊಂಡೇ ಕೇಳಿದ್ದಳು. ಇವತ್ತು ನೆಲ ನೋಡಲಿಲ್ಲ.

ಏನಾಯಿತೆಂದು ಗುರುಗಳು ವಿಚಾರಿಸಿದರು. ಅವಳು ಕತೆ ಬರೆಯುತ್ತಾಳೆ. ಅದು ಅವರಿಗೆ ಗೊತ್ತಿತ್ತು. ಮೂರು ತಿಂಗಳು ಕೂತು ಬರೆದ ಕತೆ ಪತ್ರಿಕೆಯಿಂದ ಹಿಂದಕ್ಕೆ ಬಂದಿತ್ತು. ಅದೇ ವಾರ ಫಿಸಿಕ್ಸ್ ಪರೀಕ್ಷೆಯಲ್ಲಿ ಅವಳು ಫೇಲಾಗುವ ಅಂಚಿಗೆ ಬಂದು ನಿಂತಿದ್ದಳು. ಲೆಕ್ಚರರು ತುಂಬಿದ ತರಗತಿಯಲ್ಲಿ, ಕತೆಗಾರ್ತಿಗೆ ಸೂತ್ರಗಳೇಕೆ ಎಂದು ನಗಾಡಿದ್ದರು. ಹುಟ್ಟುಹಬ್ಬಕ್ಕೆ ತಡವಾಗಿ ಹೋದಳೆಂದು ಗೆಳತಿಯರು ಮಾತು ಬಿಟ್ಟಿದ್ದರು. ಮನೆಯಲ್ಲಿ ಅಮ್ಮ, ನಿನಗೆ ಇದು ಮನೆಯಲ್ಲ, ಲಾಡ್ಜು ಅಂದಿದ್ದಳು. ಹಾಗೆಂದು ಇವಳು ಯಾರಿಗೂ ಇಲ್ಲವೆಂದವಳಲ್ಲ. ಕರೆದಾಗಲೆಲ್ಲ ಪೆನ್ನು ಇಟ್ಟು ಎದ್ದಿದ್ದಳು. ನಗುತ್ತಲೇ ಎದ್ದಿದ್ದಳು.

ಹೇಳುವಾಗ ಅವಳು ಮಾತನ್ನು ಅಲ್ಲಲ್ಲಿ ತುಂಡರಿಸುತ್ತಿದ್ದಳು. ಅಳು ಇರಬೇಕೆಂದು ಗುರುಗಳು ಮುಖ ನೋಡಿದರು. ಅಳುವಲ್ಲ, ಸಿಟ್ಟು.

ಅವರು ಸಮಾಧಾನ ಹೇಳಲಿಲ್ಲ. ಕತೆ ಹೇಳಿದರು.

ಒಂದು ಊರಿನ ಕುಂಬಾರಗೇರಿಯಲ್ಲಿ ಒಬ್ಬಳು ಹುಡುಗಿ. ಆ ಕೇರಿಯಲ್ಲಿ ಹೆಂಗಸರು ಮಣ್ಣು ಸೋಸಬಹುದು, ತುಳಿಯಬಹುದು, ಮಡಕೆ ಸುಡುವ ಆವಿಗೆಗೆ ಸೌದೆ ಹೊರಬಹುದು. ಮಡಕೆ ಮಾಡುವ ಚಕ್ರ, ತಿಗರಿ, ಅದನ್ನು ಮಾತ್ರ ತಿರುಗಿಸುವಂತಿಲ್ಲ. ಈ ಹುಡುಗಿಗೆ ತಿಗರಿಯೇ ಬೇಕು. ಒಂದು ದಿನ ಇದ್ದಬದ್ದ ಧೈರ್ಯ ಕೂಡಿಸಿಕೊಂಡು ಹಿರಿಯರನ್ನು ಕೇಳಿಯೇಬಿಟ್ಟಳು. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಕ್ಕು, ಕೇರಿಯ ಹಳೆಯ ಪದ್ಧತಿಯನ್ನು ಅವಳ ಮುಂದಿಟ್ಟರು. ಎದೆಮಟ್ಟದ ಗುಡಾಣವೊಂದನ್ನು ಬರೀ ಕೈಯಲ್ಲಿ ಕಟ್ಟಬೇಕು. ಸುಟ್ಟ ಮೇಲೆ ಕಂಠದವರೆಗೆ ನೀರು ತುಂಬಿಸಿ, ಸೂರ್ಯ ಹುಟ್ಟಿ ಮುಳುಗುವವರೆಗೆ ಬಯಲಲ್ಲಿ ನಿಲ್ಲಿಸಬೇಕು. ನಿಂತರೆ ತಿಗರಿ ಅವಳದು. ಸೋರಿದರೆ ಜನ್ಮದಲ್ಲಿ ಮತ್ತೆ ಕೇಳುವಂತಿಲ್ಲ. ಯಾರಿಗಾದರೂ ಒಂದೇ ಸಲ.

ಹುಡುಗಿ ಒಪ್ಪಿಕೊಂಡಳು.

ಗುಡಾಣ ಒಂದೇ ಏಟಿಗೆ ಏಳುವ ವಸ್ತುವಲ್ಲ. ಒಂದು ಸುತ್ತು ಮಣ್ಣು ಏರಿಸಿ, ತಟ್ಟಿ, ಕೂರಬೇಕು. ಅದು ಹಸಿಯಿರುವಾಗಲೇ ಮೇಲಿನ ಸುತ್ತು ಇಟ್ಟರೆ ಭಾರಕ್ಕೆ ಕುಸಿಯುತ್ತದೆ. ಪೂರಾ ಆರಿದ ಮೇಲೆ ಇಟ್ಟರೆ ಎರಡೂ ಬೆಸೆದುಕೊಳ್ಳುವುದಿಲ್ಲ. ನಡುವೆ ಒಂದು ಹದ ಬರುತ್ತದೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳು ಒಳಗಿಳಿಯಬಾರದು. ಆ ಹದ ಒಂದು ದಿನ ಬೇಗ ಬಂದೀತು, ಒಂದು ದಿನ ತಡವಾದೀತು. ಪಕ್ಕದಲ್ಲೇ ಕೂತವರಿಗಲ್ಲದೆ ಬೇರೆಯವರಿಗೆ ತಿಳಿಯದು. ದಾರಿಯಲ್ಲಿ ಹೋಗುವವರಿಗೆ ಕೂತವಳು ಕಾಣುತ್ತಾಳೆ. ಕೆಲಸ ಕಾಣುವುದಿಲ್ಲ.

ಅಂಗಳದಲ್ಲಿ ಮೊದಲ ಸುತ್ತು ಏರಿಸಿ ಹುಡುಗಿ ಕೂತಳು. ಒಳಗಿನಿಂದ ಅವ್ವ ಬಗ್ಗಿ ನೋಡಿದಳು.

"ಸುಮ್ಮನೆ ಕೂತಿದ್ದೀಯಲ್ಲ ಮಗಳೇ, ಎರಡು ಸೇರು ರಾಗಿ ಬೀಸಿಕೊಡು ಬಾ."

ಅವ್ವನಿಗೆ ಸೊಂಟ ನೋವು, ಅದು ಸುಳ್ಳಲ್ಲ. ಹುಡುಗಿಯ ಕೈಯಲ್ಲಿ ಆ ಹೊತ್ತಿಗೆ ಕೆಲಸವಿರಲಿಲ್ಲ, ಅದೂ ಸುಳ್ಳಲ್ಲ. ಸುತ್ತಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಎದ್ದು ಹೋದಳು. ಎರಡು ಸೇರು ನಾಲ್ಕಾಯಿತು. ಬೀಸಿದ ಮೇಲೆ ಜರಡಿ ಹಿಡಿಯುವುದೂ ಅವಳ ಪಾಲಿಗೇ ಬಂತು. ತಿರುಗಿ ಬಂದಾಗ ಬಟ್ಟೆಯೇ ಒಣಗಿ ಗರಿಗರಿಯಾಗಿತ್ತು. ಸುತ್ತಿನ ಅಂಚಿಗೆ ಹೆಬ್ಬೆರಳು ಒತ್ತಿದಳು. ಗುರುತು ಬೀಳಲಿಲ್ಲ.

ಹದ ಮೀರಿದ ಸುತ್ತನ್ನು ಒಡೆದು ಹೊಸದಾಗಿ ಕಟ್ಟಬೇಕು. ಕುಂಬಾರಗೇರಿಯಲ್ಲಿ ಇದು ತೊದಲು ಮಾತಿನ ಮಕ್ಕಳಿಗೂ ಗೊತ್ತು. ಆದರೆ ಒಡೆದರೆ ಅವ್ವ ಯಾಕೆಂದು ಕೇಳುತ್ತಾಳೆ. ಹೇಳಿದರೆ ನೊಂದುಕೊಳ್ಳುತ್ತಾಳೆ, ಇಲ್ಲವೇ ರೇಗುತ್ತಾಳೆ. ಹುಡುಗಿ ಒಡೆಯಲಿಲ್ಲ. ಮಣ್ಣನ್ನು ತೆಳ್ಳಗೆ ಕದಡಿ ಆರಿದ ಅಂಚಿನ ಮೇಲೆ ಸವರಿದಳು. ಅದರ ಮೇಲೆ ಎರಡನೆಯ ಸುತ್ತು ಇಟ್ಟು ತಟ್ಟಿದಳು. ಹೊರಗಿನಿಂದ ನುಣ್ಣಗೇ ಕಂಡಿತು.

ಮರುದಿನ ದೊಡ್ಡಪ್ಪ ಕರೆದ. ಕೇರಿಗೆಲ್ಲ ಮಣ್ಣಿನ ಪಾಠ ಹೇಳುವವನು ಅವನೇ. ಮಣ್ಣಿಗೆ ಬೂದಿ ಬೆರೆಸುವ ಅಳತೆಯನ್ನು ಇವತ್ತು ಹೇಳಿಕೊಡುತ್ತೇನೆ, ತಪ್ಪಿಸಿಕೊಂಡರೆ ಇನ್ನೊಮ್ಮೆ ಬಾಯಿ ಬಿಡುವುದಿಲ್ಲ ಎಂದ. ಅವಳು ಹೋದಳು. ಕಿವಿ ಅಲ್ಲಿ, ಕಣ್ಣು ಅಂಗಳದಲ್ಲಿ. ಅಳತೆ ಎರಡು ಸಲ ತಪ್ಪಿತು. ಇಷ್ಟು ಮಂಕಾದರೆ ತಿಗರಿ ತಗೊಂಡು ಏನು ರಾಗಿ ಬೀಸುತ್ತೀಯಾ ಎಂದು ಬೈಸಿಕೊಂಡು ಬಂದಳು. ಎರಡನೆಯ ಸುತ್ತೂ ಆರಿತ್ತು. ಅದಕ್ಕೂ ಸವರಿದಳು.

ಮೂರನೆಯ ದಿನ ಗೆಳತಿ ಬಂದಳು. ಅವಳಿಗೆ ಮದುವೆ ಗೊತ್ತಾಗಿತ್ತು. ಅಂದು ಬಳೆ ತೊಡಿಸುವ ಶಾಸ್ತ್ರ. ಇವತ್ತು ಒಂದು ದಿನ ಬಿಡು, ಹದ ಬರುವ ಹೊತ್ತು ಎಂದು ಹೇಳಲು ಹುಡುಗಿ ಬಾಯಿ ತೆರೆದಳು. ಗೆಳತಿ ಅವಳ ಕೈ ಹಿಡಿದೆಳೆದಳು.

"ಆ ಮಣ್ಣೇನು ಎದ್ದು ಓಡಿಹೋಗುತ್ತದೇನೇ? ಬಾರೇ, ನಿನ್ನನ್ನು ಕಟ್ಟಿಕೊಳ್ಳುವುದು ಆ ಗುಡಾಣವಾ?"

ಗೆಳತಿಯ ಜೊತೆಗೆ ಬಂದವರು ನಕ್ಕರು. ಹುಡುಗಿಯೂ ನಕ್ಕಳು. ಹೋದಳು. ಶಾಸ್ತ್ರದಲ್ಲಿ ಎಲ್ಲರೂ ಹಾಡುವಾಗ ಅವಳ ಬಾಯಿ ಅಲುಗಿತು, ಸ್ವರ ಬರಲಿಲ್ಲ. ಮುಖ ಗಂಟು ಹಾಕಿಕೊಂಡು ಕೂತಿದ್ದಳೆಂದು ಗೆಳತಿ ಆಮೇಲೆ ಊರೆಲ್ಲ ಹೇಳಿಕೊಂಡು ಬಂದಳು. ಮೂರನೆಯ ಸುತ್ತಿನ ಗತಿಯೂ ಅದೇ ಆಯಿತು. ಅದಕ್ಕೂ ಅವಳು ಅದನ್ನೇ ಮಾಡಿದಳು.

ನಾಲ್ಕನೆಯ ಸುತ್ತು, ಮೇಲೆ ಕಂಠ. ಗುಡಾಣ ಎದ್ದು ನಿಂತಿತು. ಆವಿಗೆಯಿಂದ ಹೊರಬಂದಾಗ ಕೇರಿಯವರು ಸುತ್ತ ನೆರೆದು ನೋಡಿದರು. ಪರವಾಗಿಲ್ಲ, ಹೆಣ್ಣಿನ ಕೈ ಅನ್ನುವ ಹಾಗಿಲ್ಲ ಎಂದ ಒಬ್ಬ. ಹುಡುಗಿಯ ಎದೆ ಹಿಗ್ಗಲಿಲ್ಲ. ಅವಳಿಗೆ ಗೊತ್ತಿತ್ತು. ಆದರೂ ಸುಟ್ಟ ಮೇಲೆ ಬಿಗಿಯಾಗಿರಬಹುದು ಎಂದುಕೊಂಡಳು.

ಗೊತ್ತುಮಾಡಿದ ದಿನ ಹಿರಿಯರು ಬಯಲಿಗೆ ಬಂದರು. ನೀರು ತುಂಬಿತು. ಬಿಸಿಲು ಏರುವವರೆಗೂ ಗುಡಾಣ ಅಲುಗದೆ ನಿಂತಿತ್ತು. ಹೊತ್ತು ನೆತ್ತಿಗೆ ಬಂದಾಗ ಅದರ ಸೊಂಟದಲ್ಲಿ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡಿತು. ಅದರ ಮೇಲೊಂದು. ಅದರ ಮೇಲೆ ಇನ್ನೊಂದು. ಆಮೇಲೆ ಗುಡಾಣ ಮೂರು ಕಡೆ ಬಿಟ್ಟುಕೊಂಡಿತು. ನೀರು ಹಿರಿಯರ ಕಾಲಡಿಗೆ ಹರಿಯಿತು. ಅವರು ಚಪ್ಪಲಿ ಎತ್ತಿಕೊಂಡು ಎದ್ದರು. ಇನ್ನು ಮಣ್ಣು ಸೋಸಿಕೊಂಡಿರು ತಾಯಿ ಎಂದು ಹೇಳಿ ನಡೆದರು.

ಉಳಿದವರು ಅವ್ವ, ದೊಡ್ಡಪ್ಪ, ಗೆಳತಿ. ಮೂವರಿಗೂ ಸಂಕಟವಾಗಿತ್ತು. ಸಂಕಟದಲ್ಲಿ ಅವ್ವನ ಬಾಯಿಂದ ಮಾತು ಬಂತು.

"ಅಷ್ಟು ದಿನ ಸುಮ್ಮನೆ ಕೂತೇ ಇದ್ದೆಯಲ್ಲೇ, ಸರಿಯಾಗಿ ಮಾಡಬಾರದಿತ್ತೇ?"

ಹುಟ್ಟಿದ ಮೇಲೆ ಆ ಹುಡುಗಿ ಯಾರ ಮೇಲೂ ದನಿ ಎತ್ತಿದವಳಲ್ಲ. ಆವತ್ತು ಎತ್ತಿದಳು. ಬಿರುಕುಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು.

"ಇದು ನಿನ್ನ ರಾಗಿ ಅವ್ವ. ಇದು ನಿಮ್ಮ ಬೂದಿ ದೊಡ್ಡಪ್ಪ. ಇದು ನಿನ್ನ ಬಳೆ ಕಣೇ. ಮೂರು ಜನ ಸೇರಿ ನನ್ನ ತಿಗರಿಯನ್ನು ತಿಂದುಬಿಟ್ಟಿರಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೆಳತಿಯ ತಲೆ ತಗ್ಗಿತು. ದೊಡ್ಡಪ್ಪ ಮಾತ್ರ ಬಗ್ಗಿ, ಬಿರುಕಿನಿಂದ ಉದುರಿಬಿದ್ದ ಒಂದು ಚೂರು ಎತ್ತಿಕೊಂಡ. ಅದರ ಅಂಚಿಗೆ ಉಗುರು ಹಾಕಿದ. ತೆಳ್ಳನೆಯ ಒಂದು ಪದರ ಸಿಪ್ಪೆಯಂತೆ ಎದ್ದು ಬಂತು. ಅದನ್ನೇ ನೋಡುತ್ತ ನಿಂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮೇದಿನಿಯ ಕಣ್ಣುಗಳು ಉರಿಯುತ್ತಿದ್ದವು. ಬೆರಳಿಟ್ಟು ತೋರಿಸಿದ್ದು ತಾನೇ ಎನ್ನುವ ಹಾಗೆ ಉಸಿರು ಏರಿಳಿಯುತ್ತಿತ್ತು. ಆ ಹುಡುಗಿ ಹೇಳಬೇಕಾದದ್ದನ್ನೇ ಹೇಳಿದಳು, ಇನ್ನೂ ನಾಲ್ಕು ಮಾತು ಹೆಚ್ಚಿಗೆ ಹೇಳಬೇಕಿತ್ತು ಎಂದಳು. ಆ ಮೂವರು ತಪ್ಪು ಒಪ್ಪಿಕೊಂಡರೇ ಎಂದು ಕೇಳಿದಳು. ಒಪ್ಪಿಕೊಂಡರು, ಮೂವರೂ ಒಪ್ಪಿಕೊಂಡರು ಎಂದರು ಗುರುಗಳು.

"ಹಾಗಾದರೆ ಬಿರುಕು ಅವರದೇ ತಾನೇ ಗುರುಗಳೇ?"

"ಬಿರುಕು ಅವರದೇ ಇರಲಿ ಮಗು, ಅದರ ಮೇಲೆ ಮಣ್ಣು ಸವರಿದ ಕೈ ಯಾರದು?"