ಅರ್ಧ ಅಂಕಕ್ಕೆ ನಿಂತ ಕಾಲಾಳು

ಲೀಗ್ ಪಂದ್ಯದ ಚದುರಂಗದ ಹಲಗೆಯ ಮೇಲೆ ಬಿಳಿಯ ಕಾಲಾಳು ಕೊನೆಯ ಮನೆಗೆ ಒಂದೇ ಹೆಜ್ಜೆ ದೂರದಲ್ಲಿದ್ದ. ಅಲ್ಲಿ ಕಾಲಿಟ್ಟರೆ ಮಂತ್ರಿಯಾಗುತ್ತಿದ್ದ. ಅವನಿಗೆ ದಾರಿ ಮಾಡಿಕೊಡಲು ಬಿಳಿಯ ಆನೆ ಪ್ರಾಣ ಕೊಟ್ಟಿತ್ತು. ಈಗ ಕಪ್ಪು ಕುದುರೆಯೊಂದು ಅಡ್ಡ ನಿಂತಿತ್ತು.

“ಪ್ರಭು, ಬಂದು ಅದನ್ನು ಹೊಡೆಯಿರಿ,” ಎಂದು ಕಾಲಾಳು ತನ್ನ ರಾಜನನ್ನು ಬೇಡಿದ.

“ಅಲ್ಲಿ ನನಗೆ ಅಪಾಯವಿದೆ. ನಮ್ಮ ತಂಡಕ್ಕೆ ಅರ್ಧ ಅಂಕ ಸಾಕು. ಆಟ ಡ್ರಾ ಆಗಲಿ,” ಎಂದ ರಾಜ.

“ಹಾಗಾದರೆ ಆನೆ ಸತ್ತದ್ದೇಕೆ?”

“ಆಗ ಪೂರ್ತಿ ಅಂಕ ಬೇಕಿತ್ತು. ಆಮೇಲೆ ಪಕ್ಕದ ಮೇಜಿನಲ್ಲಿ ನಮ್ಮವರು ಗೆದ್ದರು.”

ಆಟಗಾರರು ಕೈಕುಲುಕಿದರು. ಡ್ರಾ ಎಂಬ ಗುರುತಿಗೆ ರಾಜರಿಬ್ಬರನ್ನೂ ಹಲಗೆಯ ನಡುವೆ ಅಕ್ಕಪಕ್ಕ ನಿಲ್ಲಿಸಿ, ಕಾಲಾಳನ್ನು ಪೆಟ್ಟಿಗೆಗೆ ಹಾಕಿದರು. ಅಲ್ಲಿ ಕತ್ತಲೆಯಲ್ಲಿ ಬಿದ್ದಿದ್ದ ಆನೆ ಕೇಳಿತು: “ಮಂತ್ರಿಯಾದೆಯಾ, ತಮ್ಮಾ?”

“ಆದೆ, ಅಣ್ಣಾ,” ಎಂದ ಕಾಲಾಳು.